ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ: ನಿರ್ಣಯವಾಗುವ ಬಗೆ

1. ಪೀಠಿಕೆ

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಎಷ್ಟು ಅಂಕ ಬಂತು?’ ಎಂಬುದು, ಎರಡನೆಯ ಪ್ರಶ್ನೆ ‘ಮುಂದೇನು?’ ಎಂಬುದು. ಮೊದಲನೆಯದರ ಉತ್ತರವೇ ಎರಡನೆಯದರ ಉತ್ತರವನ್ನೂ ಹೇಳಿಬಿಡುತ್ತದೆ ಎಂದು ನಾವೆಲ್ಲರೂ ನಂಬಿಕೊಂಡು ಬಂದಿದ್ದೇವೆ. ಅಂಕ ಹೆಚ್ಚಿದ್ದರೆ ಪ್ರವೇಶ ದೊರೆಯುತ್ತದೆ, ಕಡಿಮೆಯಿದ್ದರೆ ದೊರೆಯುವುದಿಲ್ಲ. ಅದರಲ್ಲಿ ವಿಚಾರ ಮಾಡತಕ್ಕದ್ದು ಬೇರೇನಿದೆ ಎಂಬುದು ಸಾಮಾನ್ಯ ಅಭಿಪ್ರಾಯ. ನಮ್ಮ ದೇಶದ ಸ್ನಾತಕೋತ್ತರ ಪ್ರವೇಶಗಳ ಮಟ್ಟಿಗೆ ಈ ನಂಬಿಕೆ ಬಹುಪಾಲು ಸರಿಯಾದುದೇ. ಆದರೆ ಸಂಶೋಧನಾ ಪದವಿಗಾಗಿ, ಅದರಲ್ಲಿಯೂ ಅಮೆರಿಕದ ವಿಶ್ವವಿದ್ಯಾಲಯಗಳಿಗೆ, ಅರ್ಜಿ ಹಾಕುವ ವಿದ್ಯಾರ್ಥಿಯ ವಿಷಯದಲ್ಲಿ ಇದು ಅರ್ಧ ಸತ್ಯ ಮಾತ್ರ.

ಅರ್ಧ ಸತ್ಯವನ್ನು ನಂಬಿ ನಡೆದವನಿಗೆ ಎರಡು ಬಗೆಯ ನಷ್ಟವುಂಟು. ಉತ್ತಮ ಅಂಕ ಗಳಿಸಿದ ವಿದ್ಯಾರ್ಥಿಯು ಮಿಕ್ಕ ಸಿದ್ಧತೆಯನ್ನು ಕಡೆಗಣಿಸಿ, ನಿರಾಕರಣೆಯ ಪತ್ರ ಬಂದಾಗ ತನ್ನ ಯೋಗ್ಯತೆಯನ್ನೇ ಶಂಕಿಸತೊಡಗುತ್ತಾನೆ. ಅಂಕ ಸ್ವಲ್ಪ ಕಡಿಮೆಯಾದರೂ ನಿಜವಾದ ಸಂಶೋಧನಾ ಪ್ರವೃತ್ತಿಯುಳ್ಳ ವಿದ್ಯಾರ್ಥಿನಿಯು ಅರ್ಜಿಯನ್ನೇ ಹಾಕದೆ ಹಿಂದುಳಿಯುತ್ತಾಳೆ. ಪಟ್ಟಣದ ದೊಡ್ಡ ಕಾಲೇಜುಗಳಲ್ಲಿ ಈ ವಿಷಯಗಳು ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲಿ ತಿಳಿದುಬರುತ್ತವೆ. ಹಳ್ಳಿ ಮತ್ತು ಸಣ್ಣ ಊರುಗಳಿಂದ ಬಂದವರಿಗೆ ಹೇಳುವವರಿಲ್ಲ. ಆದುದರಿಂದ ಈ ನಿರ್ಣಯವನ್ನು ಯಾರು ಮಾಡುತ್ತಾರೆ, ಯಾವ ಆಧಾರದ ಮೇಲೆ ಮಾಡುತ್ತಾರೆ, ಅದರ ಗುಣವೇನು, ದೋಷವೇನು ಎಂಬುದನ್ನು ಕ್ರಮವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

2. ನಮ್ಮ ದೇಶದ ಕ್ರಮ

ಹೋಲಿಕೆಗಾಗಿ ಮೊದಲು ನಮ್ಮ ಕ್ರಮವನ್ನು ಸಂಕ್ಷೇಪವಾಗಿ ನೋಡೋಣ. ಎಂಜಿನಿಯರಿಂಗ್ ಸ್ನಾತಕೋತ್ತರ ವ್ಯಾಸಂಗಕ್ಕೆ ಮುಖ್ಯ ಬಾಗಿಲು ‘ಗೇಟ್’ ಪರೀಕ್ಷೆ. 1980ರ ದಶಕದ ಮೊದಲ ಭಾಗದಲ್ಲಿ ಆರಂಭವಾದ ಈ ಪರೀಕ್ಷೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಏಳು ಐ.ಐ.ಟಿ.ಗಳೂ ಸರದಿಯಂತೆ ನಡೆಸುತ್ತವೆ. ಅದರ ಅಂಕ ಮೂರು ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ನಮ್ಮ ರಾಜ್ಯದಲ್ಲಿ ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ಪ್ರವೇಶಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿ.ಜಿ.ಸಿ.ಇ.ಟಿ. ನಡೆಸುತ್ತದೆ. ಪಿಎಚ್.ಡಿ.ಗೆ ವಿಶ್ವವಿದ್ಯಾಲಯಗಳು ತಾವೇ ಪ್ರವೇಶ ಪರೀಕ್ಷೆ ನಡೆಸುವಲ್ಲಿ ಲಿಖಿತ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಧಾನ್ಯವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿ ಗೊತ್ತುಪಡಿಸಿದೆ.

ಈ ಕ್ರಮದ ಜೀವಾಳ ಒಂದು ಪಟ್ಟಿ. ಪರೀಕ್ಷೆಯ ಅಂಕಗಳು ಪಟ್ಟಿಯನ್ನು ನಿರ್ಮಿಸುತ್ತವೆ. ಮೀಸಲಾತಿಯ ನಿಯಮಗಳು ಅದನ್ನು ವಿಂಗಡಿಸುತ್ತವೆ. ಸ್ಥಾನಗಳು ಮುಗಿಯುವವರೆಗೆ ಪಟ್ಟಿ ಕೆಳಕ್ಕೆ ಇಳಿಯುತ್ತದೆ. ಇದರ ದೊಡ್ಡ ಗುಣವೆಂದರೆ ಪಾರದರ್ಶಕತೆ. ತನಗೇಕೆ ಸಿಗಲಿಲ್ಲ ಎಂದು ಕೇಳುವ ಹಕ್ಕು ವಿದ್ಯಾರ್ಥಿಗಿದೆ, ಉತ್ತರ ಕೊಡುವ ಹೊಣೆ ಸಂಸ್ಥೆಗಿದೆ, ಉತ್ತರ ಸರಿಯಲ್ಲವೆಂದರೆ ನ್ಯಾಯಾಲಯದ ದಾರಿಯಿದೆ. ಪ್ರಭಾವ ಮತ್ತು ವಶೀಲಿಗಳ ಭಯವಿರುವ ಸಮಾಜದಲ್ಲಿ ಇದು ಸಣ್ಣ ಗುಣವಲ್ಲ. ದೋಷವೂ ಅಷ್ಟೇ ಸ್ಪಷ್ಟ. ಮೂರು ಗಂಟೆಯ ಪರೀಕ್ಷೆಯು ಗೊತ್ತಿರುವ ಪ್ರಶ್ನೆಗೆ ಗೊತ್ತಿರುವ ಉತ್ತರವನ್ನು ವೇಗವಾಗಿ ಕೊಡುವ ಶಕ್ತಿಯನ್ನು ಅಳೆಯುತ್ತದೆ. ಸಂಶೋಧನೆಗೆ ಬೇಕಾದುದು ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯೊಡನೆ ವರ್ಷಗಟ್ಟಲೆ ಬಾಳುವ ತಾಳ್ಮೆ.

3. ಅಮೆರಿಕದಲ್ಲಿ ನಿರ್ಣಯಿಸುವವರು ಯಾರು?

ಅಮೆರಿಕದಲ್ಲಿ ಪಿಎಚ್.ಡಿ. ಪ್ರವೇಶಕ್ಕೆ ರಾಷ್ಟ್ರಮಟ್ಟದ ಶ್ರೇಣಿಪಟ್ಟಿಯಿಲ್ಲ, ಕೇಂದ್ರೀಕೃತ ಹಂಚಿಕೆಯಿಲ್ಲ, ಸರ್ಕಾರದ ಪ್ರಾಧಿಕಾರವಿಲ್ಲ. ಇಷ್ಟೇ ಅಲ್ಲ, ಒಂದೇ ವಿಶ್ವವಿದ್ಯಾಲಯದ ಒಳಗೆ ಭೌತಶಾಸ್ತ್ರ ವಿಭಾಗದ ರೀತಿ ಒಂದಾದರೆ ಇತಿಹಾಸ ವಿಭಾಗದ ರೀತಿ ಮತ್ತೊಂದು. ಅರ್ಜಿಯನ್ನು ಸ್ವೀಕರಿಸುವುದು ವಿಶ್ವವಿದ್ಯಾಲಯದ ಕಚೇರಿಯಾದರೂ ಅದನ್ನು ತೂಗಿ ನೋಡುವವರು ಆಯಾ ವಿಭಾಗದ ಅಧ್ಯಾಪಕರು. ಪ್ರತಿ ವಿಭಾಗವೂ ಕೆಲವೇ ಪ್ರಾಧ್ಯಾಪಕರ ಒಂದು ಪ್ರವೇಶ ಸಮಿತಿಯನ್ನು ನೇಮಿಸುತ್ತದೆ. ಆ ಸಮಿತಿಯ ಸದಸ್ಯರು ತಮ್ಮ ಬೋಧನೆ, ಸಂಶೋಧನೆಗಳ ನಡುವೆ ಬಿಡುವು ಮಾಡಿಕೊಂಡು ಅರ್ಜಿಗಳನ್ನು ಓದುತ್ತಾರೆ. ಸಮಿತಿ ಶಿಫಾರಸು ಮಾಡಿದ ಮೇಲೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕಚೇರಿಯು ಪದವಿ, ಭಾಷಾ ಪರೀಕ್ಷೆ ಮೊದಲಾದ ಕನಿಷ್ಠ ಅರ್ಹತೆಗಳನ್ನು ಪರಿಶೀಲಿಸಿ ಪ್ರವೇಶ ಪತ್ರವನ್ನು ಹೊರಡಿಸುತ್ತದೆ.

ಕಾಲಕ್ರಮವು ಹೀಗಿದೆ. ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಆರಂಭವಾಗುವ ವ್ಯಾಸಂಗಕ್ಕೆ ಅದರ ಹಿಂದಿನ ಡಿಸೆಂಬರ್ ತಿಂಗಳಲ್ಲಿಯೇ ಬಹುತೇಕ ವಿಭಾಗಗಳ ಅರ್ಜಿಯ ಗಡುವು ಮುಗಿಯುತ್ತದೆ. ಜನವರಿಯಲ್ಲಿ ಓದು, ಫೆಬ್ರವರಿಯಲ್ಲಿ ಚರ್ಚೆ ಮತ್ತು ಸಂದರ್ಶನ, ಮಾರ್ಚ್ ವೇಳೆಗೆ ನಿರ್ಣಯ. ಧನಸಹಾಯದೊಡನೆ ಆಹ್ವಾನ ಪಡೆದ ವಿದ್ಯಾರ್ಥಿಯು ಏಪ್ರಿಲ್ 15ಕ್ಕೆ ಮೊದಲು ಉತ್ತರ ಕೊಡಬೇಕೆಂದು ಒತ್ತಾಯಿಸಬಾರದೆಂಬ ಒಪ್ಪಂದವೊಂದು ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ಸಂಸ್ಥೆಯ ಸದಸ್ಯ ವಿಶ್ವವಿದ್ಯಾಲಯಗಳಲ್ಲಿ ಅನೇಕವುಗಳ ನಡುವೆ ಇದೆ. ನಮ್ಮ ವಿದ್ಯಾರ್ಥಿಗಳು ಅಂತಿಮ ವರ್ಷದ ಫಲಿತಾಂಶ ಬಂದ ಬಳಿಕ ವಿಚಾರಿಸತೊಡಗಿದರೆ ಒಂದು ವರ್ಷವೇ ಕಳೆದುಹೋಗುವುದು ಈ ಕಾರಣದಿಂದ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಸ್ನಾತಕೋತ್ತರ ಪದವಿ, ಎಂದರೆ ಒಂದೆರಡು ವರ್ಷದ ಎಂ.ಎಸ್. ಮೊದಲಾದುವು, ಬಹುಮಟ್ಟಿಗೆ ವಿದ್ಯಾರ್ಥಿಯೇ ಹಣ ತೆತ್ತು ಓದುವ ವ್ಯಾಸಂಗ. ಅಲ್ಲಿ ಸ್ಥಾನಗಳು ಹೆಚ್ಚು. ನಿರ್ಣಯದಲ್ಲಿ ಅಂಕಗಳ ಪಾತ್ರವೂ ಹೆಚ್ಚು. ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಷಯಗಳ ಪಿಎಚ್.ಡಿ.ಯಲ್ಲಿ ಹಾಗಲ್ಲ. ಸಾಮಾನ್ಯವಾಗಿ ವಿದ್ಯಾರ್ಥಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಜೀವನ ನಿರ್ವಹಣೆಗೆ ವೇತನವೂ ದೊರೆಯುತ್ತದೆ. ಅದಕ್ಕೆ ಪ್ರತಿಯಾಗಿ ಅವನು ಬೋಧನಾ ಸಹಾಯಕನಾಗಿಯೋ ಸಂಶೋಧನಾ ಸಹಾಯಕನಾಗಿಯೋ ದುಡಿಯುತ್ತಾನೆ. ಆದ್ದರಿಂದ ಒಬ್ಬ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದೆಂದರೆ ಐದಾರು ವರ್ಷಗಳ ಕಾಲ ಒಬ್ಬನ ವೆಚ್ಚವನ್ನು ಹೊರುವ ಹೊಣೆಯನ್ನು ಒಪ್ಪಿಕೊಂಡಂತೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಅನೇಕ ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ.

4. ಸಮಿತಿಯ ಮುಂದಿರುವ ಕಾಗದಗಳು

ಸಮಿತಿಯು ಅಭ್ಯರ್ಥಿಯನ್ನು ಕಣ್ಣಾರೆ ಕಂಡಿರುವುದಿಲ್ಲ. ಅದರ ಮುಂದಿರುವುದು ಕೆಲವು ಕಾಗದಗಳು ಮಾತ್ರ. ಮೊದಲನೆಯದು ಅಂಕಪಟ್ಟಿ. ಅದನ್ನು ಓದುವವರು ಒಟ್ಟು ಶೇಕಡಾವಾರನ್ನಷ್ಟೇ ನೋಡುವುದಿಲ್ಲ. ತಮ್ಮ ವಿಷಯಕ್ಕೆ ಬೇಕಾದ ಪಾಠಗಳನ್ನು ವಿದ್ಯಾರ್ಥಿ ಓದಿರುವನೇ, ಕಠಿಣವಾದುವನ್ನು ಆರಿಸಿಕೊಂಡಿರುವನೇ, ವರ್ಷದಿಂದ ವರ್ಷಕ್ಕೆ ಏರಿರುವನೇ ಇಳಿದಿರುವನೇ ಎಂಬುದನ್ನು ಗಮನಿಸುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಶೇ. 65 ಎಂದರೆ ಕೆಲವೆಡೆ ಸಾಧಾರಣ, ಕೆಲವೆಡೆ ತರಗತಿಗೇ ಮೊದಲ ಸ್ಥಾನ. ಇದನ್ನು ವಿದೇಶದ ಓದುಗನಿಗೆ ಯಾರಾದರೂ ವಿವರಿಸದಿದ್ದರೆ ತಿಳಿಯುವ ಬಗೆಯಿಲ್ಲ. ಪದವಿಯ ಅವಧಿಯೂ ಒಂದು ತೊಡಕು. ಅಲ್ಲಿನ ಪದವಿ ನಾಲ್ಕು ವರ್ಷದ್ದಾದುದರಿಂದ ನಮ್ಮ ಮೂರು ವರ್ಷದ ಪದವಿಯನ್ನು ಕೆಲವು ವಿಶ್ವವಿದ್ಯಾಲಯಗಳು ಸಾಲದೆಂದು ಎಣಿಸುತ್ತವೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯ ವ್ಯವಸ್ಥೆ ಬಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದರಿಂದ ವಿದ್ಯಾರ್ಥಿಗಳು ಈ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಅವಶ್ಯ.

ಎರಡನೆಯದು ‘ಜಿ.ಆರ್.ಇ.’ ಪರೀಕ್ಷೆಯ ಅಂಕ. 1930ರ ದಶಕದಲ್ಲಿ ಕಾರ್ನೆಗಿ ಪ್ರತಿಷ್ಠಾನದ ಆಶ್ರಯದಲ್ಲಿ ಕೆಲವೇ ವಿಶ್ವವಿದ್ಯಾಲಯಗಳಿಗಾಗಿ ಹುಟ್ಟಿದ ಈ ಪರೀಕ್ಷೆ ಹಲವು ದಶಕಗಳ ಕಾಲ ಪ್ರವೇಶದ ಹೆಬ್ಬಾಗಿಲಾಗಿತ್ತು. ಭಾಷಾ ವಿಭಾಗಕ್ಕೂ ಗಣಿತ ವಿಭಾಗಕ್ಕೂ 130ರಿಂದ 170ರವರೆಗಿನ ಅಂಕಗಳು, ಬರವಣಿಗೆಗೆ ಬೇರೆ. ಸಂಶೋಧನೆಯಲ್ಲಿ ಯಾರು ಯಶಸ್ವಿಯಾಗುವರೆಂಬುದನ್ನು ಇದು ಚೆನ್ನಾಗಿ ಸೂಚಿಸುವುದಿಲ್ಲವೆಂಬ ಟೀಕೆ ಬೆಳೆದು, 2016ರಿಂದೀಚೆಗೆ ಅನೇಕ ವಿಭಾಗಗಳು ಇದನ್ನು ಕೈಬಿಡತೊಡಗಿದವು. 2020ರ ಸಾಂಕ್ರಾಮಿಕದ ಕಾಲದಲ್ಲಿ ಆ ಸಂಖ್ಯೆ ಬಹಳ ಹೆಚ್ಚಿತು. ಕೆಲವು ವಿಭಾಗಗಳು ಈಗಲೂ ಕೇಳುತ್ತವೆ, ಕೆಲವು ಐಚ್ಛಿಕವೆನ್ನುತ್ತವೆ, ಕೆಲವು ಕಳುಹಿಸಿದರೂ ನೋಡುವುದಿಲ್ಲ. ಈ ಬದಲಾವಣೆಯ ಪರಿಣಾಮವನ್ನು ನಾವು ಸರಿಯಾಗಿ ಗ್ರಹಿಸಬೇಕು. ಪರೀಕ್ಷೆ ಹೋದರೆ ದಾರಿ ಸುಲಭವಾಯಿತೆಂದಲ್ಲ. ಉಳಿದ ಕಾಗದಗಳ ತೂಕ ಹೆಚ್ಚಾಯಿತೆಂದು ಅರ್ಥ. ಹೆಸರಿಲ್ಲದ ಕಾಲೇಜಿನ ವಿದ್ಯಾರ್ಥಿಯು ದೊಡ್ಡ ಕಾಲೇಜಿನವನಿಗೆ ಸಮನೆಂದು ಒಂದು ಬೆಳಗಿನಲ್ಲಿ ತೋರಿಸಬಹುದಾಗಿದ್ದ ಸಾಧನವೊಂದು ಕೈತಪ್ಪಿತು ಎಂದು ಹೇಳುವವರೂ ಇದ್ದಾರೆ; ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.

ಮೂರನೆಯದು ಅಭ್ಯರ್ಥಿಯು ತನ್ನ ಉದ್ದೇಶವನ್ನು ಕುರಿತು ಬರೆಯುವ ನಿವೇದನೆ. ಇದು ಒಂದೆರಡು ಪುಟದ ಬರಹ. ನಮ್ಮ ವಿದ್ಯಾರ್ಥಿಗಳು ಇದನ್ನು ಆತ್ಮಕಥೆಯೆಂದು ಭಾವಿಸಿ, ಬಾಲ್ಯದಿಂದಲೇ ವಿಜ್ಞಾನದಲ್ಲಿ ತಮಗಿದ್ದ ಅಪಾರ ಆಸಕ್ತಿಯಿಂದ ಆರಂಭಿಸುವುದು ರೂಢಿ. ಸಮಿತಿಗೆ ಬೇಕಾದುದು ಅದಲ್ಲ. ಈ ವಿದ್ಯಾರ್ಥಿ ಯಾವ ಪ್ರಶ್ನೆಯನ್ನು ಹಿಡಿದು ಕೆಲಸ ಮಾಡಿದ್ದಾನೆ, ಎಲ್ಲಿ ಎಡವಿದ, ಎಡವಿದಾಗ ಏನು ಮಾಡಿದ, ಮುಂದೆ ಯಾವ ಪ್ರಶ್ನೆಯನ್ನು ಕೇಳಬಯಸುತ್ತಾನೆ, ಅದಕ್ಕೆ ನಮ್ಮ ವಿಭಾಗವೇ ಏಕೆ ತಕ್ಕುದು ಎಂಬ ಐದು ಪ್ರಶ್ನೆಗಳಿಗೆ ಅವರು ಉತ್ತರವನ್ನು ಹುಡುಕುತ್ತಾರೆ. ನಾಲ್ಕನೆಯದು ಅಧ್ಯಾಪಕರ ಶಿಫಾರಸು ಪತ್ರಗಳು, ಸಾಮಾನ್ಯವಾಗಿ ಮೂರು. ಇವುಗಳ ಮಹತ್ತ್ವವನ್ನು ಮುಂದೆ ಪ್ರತ್ಯೇಕವಾಗಿ ವಿವೇಚಿಸಲಾಗಿದೆ.

5. ಸಮಿತಿಯ ಕೊಠಡಿಯಲ್ಲಿ

ಹೆಸರಾಂತ ವಿಭಾಗವೊಂದಕ್ಕೆ ಬರುವ ಅರ್ಜಿಗಳು ಇರುವ ಸ್ಥಾನಗಳಿಗಿಂತ ಅನೇಕ ಪಟ್ಟು ಹೆಚ್ಚು. ಎಲ್ಲವನ್ನೂ ಎಲ್ಲರೂ ಓದುವುದು ಅಸಾಧ್ಯ. ಆದ್ದರಿಂದ ಮೊದಲ ಸುತ್ತಿನಲ್ಲಿ ಕಾಳು ಜೊಳ್ಳುಗಳ ತೂರಾಟ ನಡೆಯುತ್ತದೆ. ಪ್ರತಿ ಅರ್ಜಿಯನ್ನು ಒಬ್ಬರೋ ಇಬ್ಬರೋ ಸದಸ್ಯರು ಕೆಲವೇ ನಿಮಿಷಗಳಲ್ಲಿ ನೋಡಿ ದರ್ಜೆ ಹಾಕುತ್ತಾರೆ. ಸಿದ್ಧತೆ ಸಾಲದವು ಇಲ್ಲಿಯೇ ನಿಲ್ಲುತ್ತವೆ. ಎರಡನೆಯ ಸುತ್ತಿನಲ್ಲಿ ಉಳಿದವುಗಳನ್ನು ಸಾವಧಾನವಾಗಿ ಓದಿ ಚರ್ಚಿಸಲಾಗುತ್ತದೆ. ಆ ಹಂತಕ್ಕೆ ಬಂದವರೆಲ್ಲರೂ ವ್ಯಾಸಂಗವನ್ನು ಪೂರೈಸಬಲ್ಲವರೇ. ಅಲ್ಲಿಂದ ಮುಂದೆ ಯೋಗ್ಯರೋ ಅಯೋಗ್ಯರೋ ಎಂಬ ಪ್ರಶ್ನೆಯಿಲ್ಲ; ಯೋಗ್ಯರ ನಡುವೆ ಯಾರು ಎಂಬ ಪ್ರಶ್ನೆ ಮಾತ್ರ.

ಇದನ್ನು ಬಗೆಹರಿಸುವ ಮುಖ್ಯ ಸಂಗತಿ ಹೊಂದಿಕೆ. ವಿಭಾಗದಲ್ಲಿ ಯಾರೂ ಕೆಲಸ ಮಾಡದ ವಿಷಯದಲ್ಲಿ ಆಸಕ್ತಿಯುಳ್ಳ ಅತ್ಯಂತ ಪ್ರತಿಭಾವಂತನಿಗೂ ಅಲ್ಲಿ ಸ್ಥಾನ ದೊರೆಯಲಾರದು. ಮಾರ್ಗದರ್ಶನ ಮಾಡುವವರೇ ಇಲ್ಲದಿದ್ದರೆ ಅವನನ್ನು ಕರೆದು ಮಾಡುವುದೇನು? ಪ್ರಯೋಗಶಾಲೆಗಳಿರುವ ವಿಷಯಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಈ ವರ್ಷ ನನ್ನ ಅನುದಾನದಲ್ಲಿ ಒಬ್ಬ ವಿದ್ಯಾರ್ಥಿಗೆ ಅವಕಾಶವಿದೆ’ ಎಂದು ಪ್ರಾಧ್ಯಾಪಕರೊಬ್ಬರು ಹೇಳಿದರೆ ಅವರ ಕ್ಷೇತ್ರದ ಅಭ್ಯರ್ಥಿಗೆ ದಾರಿ ತೆರೆಯುತ್ತದೆ; ಅದೇ ಪ್ರಾಧ್ಯಾಪಕರು ಆ ವರ್ಷ ರಜೆಯಲ್ಲಿದ್ದರೆ ಅಥವಾ ಅನುದಾನ ಮುಗಿದಿದ್ದರೆ ದಾರಿ ಮುಚ್ಚುತ್ತದೆ. ಅಭ್ಯರ್ಥಿಗೆ ಇದಾವುದೂ ಕಾಣಿಸುವುದಿಲ್ಲ. 2025ರ ಆರಂಭದಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಸಂಶೋಧನಾ ಅನುದಾನಗಳನ್ನು ಕಡಿತಗೊಳಿಸಲು ಮುಂದಾದಾಗ ಹಲವು ವಿಶ್ವವಿದ್ಯಾಲಯಗಳು ಆ ವರ್ಷದ ಪಿಎಚ್.ಡಿ. ಪ್ರವೇಶಗಳನ್ನು ತಗ್ಗಿಸಿದವು; ಕೆಲವೆಡೆ ಕೊಟ್ಟ ಆಹ್ವಾನವನ್ನೇ ಹಿಂತೆಗೆದುಕೊಳ್ಳಲಾಯಿತು. ಆ ವಿದ್ಯಾರ್ಥಿಗಳ ಯೋಗ್ಯತೆ ಒಂದು ವಾರದಲ್ಲಿ ಕುಗ್ಗಿರಲಿಲ್ಲ, ಕುಗ್ಗಿದುದು ಬೊಕ್ಕಸ.

ಕೊನೆಯ ಲೆಕ್ಕಾಚಾರ ಬೇರೆಯೇ ಬಗೆಯದು. ಆಹ್ವಾನ ಪಡೆದವರೆಲ್ಲರೂ ಬರುವುದಿಲ್ಲ. ಉತ್ತಮ ಅಭ್ಯರ್ಥಿಗೆ ನಾಲ್ಕು ಕಡೆಯಿಂದ ಕರೆ ಬಂದಿರುತ್ತದೆ. ಅವನು ಹೋಗುವುದು ಒಂದು ಕಡೆಗೆ. ಹಿಂದಿನ ವರ್ಷಗಳ ಅನುಭವದಿಂದ ವಿಭಾಗವು ಸ್ಥಾನಗಳಿಗಿಂತ ಹೆಚ್ಚು ಜನರಿಗೆ ಆಹ್ವಾನ ಕಳುಹಿಸಿ, ಇನ್ನು ಕೆಲವರನ್ನು ನಿರೀಕ್ಷಣಾ ಪಟ್ಟಿಯಲ್ಲಿ ಇರಿಸುತ್ತದೆ. ಆದುದರಿಂದಲೇ ಏಪ್ರಿಲ್ 15ರ ಹಿಂದುಮುಂದಿನ ದಿನಗಳಲ್ಲಿ, ಆಸೆ ಬಿಟ್ಟವರಿಗೂ ಕೆಲವೊಮ್ಮೆ ಕರೆ ಬರುವುದುಂಟು.

6. ನ್ಯಾಯದ ಪ್ರಶ್ನೆ

ಕೆಲವರು ಪ್ರಾಧ್ಯಾಪಕರು ಮುಚ್ಚಿದ ಕೊಠಡಿಯಲ್ಲಿ ಕುಳಿತು ಮಾಡುವ ನಿರ್ಣಯ ನ್ಯಾಯವಾದುದೆಂದು ಹೇಗೆ ನಂಬುವುದು? ಈ ಪ್ರಶ್ನೆಯನ್ನು ಅಮೆರಿಕದ ವಿದ್ವಾಂಸರೇ ಎತ್ತಿದ್ದಾರೆ. ಜೂಲಿ ಪೊಸೆಲ್ಟ್ ಎಂಬ ಶಿಕ್ಷಣ ಸಂಶೋಧಕಿಯು ಮೂರು ವಿಶ್ವವಿದ್ಯಾಲಯಗಳ ಹತ್ತು ಪ್ರತಿಷ್ಠಿತ ಪಿಎಚ್.ಡಿ. ಕಾರ್ಯಕ್ರಮಗಳ ಪ್ರವೇಶ ನಿರ್ಣಯವನ್ನು ಅಧ್ಯಯನ ಮಾಡಿ, ಸಮಿತಿಗಳ ಸಭೆಗಳಲ್ಲಿಯೂ ಕುಳಿತು ನೋಡಿ, 2016ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅಭ್ಯರ್ಥಿಯ ಸರ್ವಾಂಗವನ್ನೂ ನೋಡುತ್ತೇವೆಂದು ಹೇಳುವ ಸಮಿತಿಗಳೇ ಮೊದಲ ಸುತ್ತಿನಲ್ಲಿ ಅಂಕಗಳನ್ನೂ ಕಾಲೇಜಿನ ಹೆಸರನ್ನೂ ಬಹಳವಾಗಿ ನೆಚ್ಚುತ್ತವೆ. ಕೊನೆಯ ಸುತ್ತಿನಲ್ಲಿ ಪ್ರಾಧ್ಯಾಪಕರು ತಮ್ಮನ್ನೇ ಹೋಲುವ ದಾರಿಯಲ್ಲಿ ಬಂದವರ ಕಡೆಗೆ ಅರಿವಿಲ್ಲದೆಯೇ ಒಲಿಯುತ್ತಾರೆ ಎಂಬುದು ಅವರ ಮುಖ್ಯ ನಿರೂಪಣೆಗಳಲ್ಲಿ ಸೇರಿದೆ. ಪಕ್ಷಪಾತವು ದುರುದ್ದೇಶದಿಂದಲೇ ಬರಬೇಕೆಂದಿಲ್ಲ. ಪರಿಚಿತವಾದುದರ ಮೇಲಿನ ವಿಶ್ವಾಸವೂ ಪಕ್ಷಪಾತವಾಗಬಲ್ಲದು.

ಇದಕ್ಕಿಂತ ಹಳೆಯದಾದ, ಗಣಿತದ ಅಧ್ಯಾಪಕರು ತರಗತಿಯಲ್ಲಿ ಹೇಳಲೇಬೇಕಾದ ಒಂದು ಪ್ರಕರಣವಿದೆ. 1973ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸ್ನಾತಕೋತ್ತರ ವ್ಯಾಸಂಗಗಳಿಗೆ 8,442 ಪುರುಷರೂ 4,321 ಮಹಿಳೆಯರೂ ಅರ್ಜಿ ಹಾಕಿದ್ದರು. ಪುರುಷರಲ್ಲಿ ಸುಮಾರು ಶೇ. 44 ಮಂದಿಗೆ ಪ್ರವೇಶ ದೊರೆಯಿತು. ಮಹಿಳೆಯರಲ್ಲಿ ಸುಮಾರು ಶೇ. 35 ಮಂದಿಗೆ. ಮೇಲುನೋಟಕ್ಕೆ ಇದು ಮಹಿಳೆಯರಿಗೆ ಆದ ಸ್ಪಷ್ಟ ಅನ್ಯಾಯ. ಆದರೆ ಬಿಕೆಲ್, ಹ್ಯಾಮೆಲ್ ಮತ್ತು ಓಕಾನೆಲ್ ಎಂಬ ಮೂವರು ವಿಭಾಗವಾರು ಅಂಕಿ ಅಂಶಗಳನ್ನು ಪರಿಶೀಲಿಸಿ 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಬೇರೊಂದು ಚಿತ್ರವನ್ನು ತೋರಿಸಿತು. ವಿಭಾಗಗಳನ್ನು ಒಂದೊಂದಾಗಿ ನೋಡಿದರೆ ಮಹಿಳೆಯರ ವಿರುದ್ಧ ಗಮನಾರ್ಹ ಪಕ್ಷಪಾತ ಕಾಣಲಿಲ್ಲ. ಒಟ್ಟಾರೆ ಒಲವು ತುಸು ಮಹಿಳೆಯರ ಕಡೆಗೇ ಇತ್ತು.

ಇದು ಹೇಗೆ ಸಾಧ್ಯ? ಅತಿ ದೊಡ್ಡದಾದ ಆರು ವಿಭಾಗಗಳನ್ನು ನೋಡೋಣ. ಮೊದಲನೆಯ ವಿಭಾಗದಲ್ಲಿ 825 ಪುರುಷರಲ್ಲಿ ಶೇ. 62, 108 ಮಹಿಳೆಯರಲ್ಲಿ ಶೇ. 82 ಮಂದಿಗೆ ಪ್ರವೇಶ. ಎರಡನೆಯದರಲ್ಲಿ 560 ಪುರುಷರಲ್ಲಿ ಶೇ. 63, 25 ಮಹಿಳೆಯರಲ್ಲಿ ಶೇ. 68. ಆರನೆಯದರಲ್ಲಿ 373 ಪುರುಷರಲ್ಲಿ ಶೇ. 6, 341 ಮಹಿಳೆಯರಲ್ಲಿ ಶೇ. 7. ಮೊದಲ ಎರಡು ವಿಭಾಗಗಳಲ್ಲಿ ಪ್ರವೇಶ ಸುಲಭ, ಉಳಿದುವುಗಳಲ್ಲಿ ಕಷ್ಟ. ಈ ಆರು ವಿಭಾಗಗಳಿಗೆ ಅರ್ಜಿ ಹಾಕಿದ ಪುರುಷರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸುಲಭವಾದ ಆ ಎರಡು ವಿಭಾಗಗಳಿಗೆ ಹಾಕಿದ್ದರು. ಮಹಿಳೆಯರಲ್ಲಿ ಹದಿನಾಲ್ವರಲ್ಲಿ ಒಬ್ಬರು ಮಾತ್ರ. ಕಷ್ಟವಾದ ಬಾಗಿಲಿನ ಮುಂದೆ ಹೆಚ್ಚು ಮಹಿಳೆಯರು ನಿಂತಿದ್ದರಿಂದ ಒಟ್ಟು ಲೆಕ್ಕದಲ್ಲಿ ಅವರ ಪ್ರಮಾಣ ತಗ್ಗಿತು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸಿಂಪ್ಸನ್ನನ ವಿರೋಧಾಭಾಸವೆಂದು ಕರೆಯುತ್ತಾರೆ.

ಆ ಲೇಖಕರು ಇಷ್ಟಕ್ಕೇ ನಿಲ್ಲಿಸಲಿಲ್ಲವೆಂಬುದು ನಮಗೆ ಮುಖ್ಯ. ಸಮಿತಿಗಳು ನಿರ್ದೋಷಿಗಳೆಂದ ಮಾತ್ರಕ್ಕೆ ಅನ್ಯಾಯವೇ ಇಲ್ಲವೆಂದು ಹೇಳುವಂತಿಲ್ಲ. ಬಾಲ್ಯದ ಸಂಸ್ಕಾರವೂ ಅದುವರೆಗಿನ ಶಿಕ್ಷಣವೂ ಹೆಣ್ಣುಮಕ್ಕಳನ್ನು ಗಣಿತ ಕಡಿಮೆ ಬೇಕಾದ, ಸ್ಥಾನಗಳೂ ಹಣವೂ ಕಡಿಮೆಯಿರುವ ವಿಷಯಗಳ ಕಡೆಗೆ ದೂಡುತ್ತವೆ. ಅಸಮಾನತೆಯ ಬೇರು ಅಲ್ಲಿದೆ ಎಂದು ಅವರು ತೋರಿಸಿದರು. ಎಂದರೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬರುವ ಪ್ರವೇಶ ನಿರ್ಣಯದ ಬಹುಭಾಗ ಹದಿನಾಲ್ಕನೆಯ ವಯಸ್ಸಿನಲ್ಲಿ, ಪ್ರೌಢಶಾಲೆಯ ಗಣಿತ ತರಗತಿಯಲ್ಲಿಯೇ ಆಗಿಹೋಗಿರುತ್ತದೆ. ‘ಹುಡುಗಿಗೆ ಗಣಿತ ಏಕೆ?’ ಎಂದು ಯಾರೋ ಲಘುವಾಗಿ ಆಡಿದ ಮಾತನ್ನು ಮುಂದೆ ಯಾವ ಸಮಿತಿಯೂ ತಿದ್ದಲಾರದು. ಪ್ರವೇಶದ ವಿಷಯವನ್ನು ಶಾಲೆಯೊಂದರ ಸಂಚಿಕೆಯಲ್ಲಿ ಚರ್ಚಿಸುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

7. ಶಿಫಾರಸು ಪತ್ರ

ಸಮಿತಿಯ ಮುಂದಿರುವ ಕಾಗದಗಳಲ್ಲಿ ವಿದ್ಯಾರ್ಥಿಯ ಕೈಯಲ್ಲಿಲ್ಲದ, ಅಧ್ಯಾಪಕರ ಕೈಯಲ್ಲಿಯೇ ಇರುವ ಕಾಗದ ಶಿಫಾರಸು ಪತ್ರ. ನಮ್ಮ ವಿದ್ಯಾರ್ಥಿಗಳು ಹಿಂದೆ ಬೀಳುವುದು ಅನೇಕ ಸಲ ಇಲ್ಲಿಯೇ ಎಂದು ಖೇದದಿಂದ ಹೇಳಬೇಕಾಗಿದೆ. ನಮ್ಮಲ್ಲಿ ಶಿಫಾರಸು ಎಂಬ ಮಾತಿಗೇ ಒಳ್ಳೆಯ ಹೆಸರಿಲ್ಲ; ದೊಡ್ಡವರಿಂದ ಹೇಳಿಸುವುದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಹೀಗಾಗಿ ವಿದ್ಯಾರ್ಥಿಯು ತನ್ನನ್ನು ಬಲ್ಲ ಉಪನ್ಯಾಸಕರನ್ನು ಬಿಟ್ಟು, ತನ್ನ ಹೆಸರನ್ನೂ ಅರಿಯದ ಪ್ರಾಂಶುಪಾಲರ ಬಳಿಗೆ ಹೋಗುತ್ತಾನೆ. ಅವರು ಕಾರ್ಯಬಾಹುಳ್ಯದಿಂದ ‘ನೀನೇ ಬರೆದು ತಾ, ರುಜು ಹಾಕುತ್ತೇನೆ’ ಎನ್ನುತ್ತಾರೆ. ಮೂರು ಪತ್ರಗಳೂ ಒಂದೇ ಕೈಯ ಬರಹವೆಂಬುದು ಅನುಭವವುಳ್ಳ ಓದುಗನಿಗೆ ಕ್ಷಣದಲ್ಲಿ ತಿಳಿಯುತ್ತದೆ. ಆ ಪತ್ರಗಳಿಂದ ಉಪಕಾರವಾಗುವುದಿರಲಿ, ಅರ್ಜಿಯ ಮೇಲೆಯೇ ಸಂಶಯ ಬೀಳುತ್ತದೆ.

ಪತ್ರದ ಬೆಲೆ ಇರುವುದು ಬರೆದವರ ಹುದ್ದೆಯಲ್ಲಲ್ಲ, ಅದರಲ್ಲಿರುವ ಸಾಕ್ಷ್ಯದಲ್ಲಿ. ‘ಈತನು ಬಹು ಬುದ್ಧಿವಂತ, ವಿನಯಶೀಲ, ಶ್ರಮಜೀವಿ, ಈತನಿಗೆ ಸಕಲ ಯಶಸ್ಸನ್ನು ಹಾರೈಸುತ್ತೇನೆ’ ಎಂಬ ಒಕ್ಕಣೆಯು ಯಾರಿಗೆ ಬೇಕಾದರೂ ಒಪ್ಪುವಂಥದು, ಆದ್ದರಿಂದ ಯಾರ ವಿಷಯದಲ್ಲಿಯೂ ಏನನ್ನೂ ಹೇಳುವುದಿಲ್ಲ. ಇದರ ಬದಲು ಹೀಗೆ ಬರೆದರೆ ಹೇಗೆ? ‘ಪ್ರಯೋಗಶಾಲೆಯಲ್ಲಿ ಎಲ್ಲರ ಅಳತೆಗಳೂ ಪುಸ್ತಕದ ಬೆಲೆಗೆ ಸರಿಯಾಗಿ ಬಂದಾಗ ಈಕೆಯದು ಬರಲಿಲ್ಲ. ಮಿಕ್ಕವರಂತೆ ಅಂಕಿಯನ್ನು ತಿದ್ದದೆ ಮೂರು ದಿನ ಮತ್ತೆ ಮತ್ತೆ ಅಳೆದು, ಉಪಕರಣದ ದೋಷವನ್ನು ಕಂಡುಹಿಡಿದಳು. ನಾನು ಪಾಠ ಹೇಳಿದ ಅರುವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಈ ಗುಣವನ್ನು ಈಕೆಯಲ್ಲಿ ಮಾತ್ರ ಕಂಡೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ಶೇ. 70 ದೊರೆಯುವುದು ಅಪರೂಪ. ಈಕೆಗೆ 72 ಬಂದಿದೆ.’ ಇದರಲ್ಲಿ ಒಂದೂ ದೊಡ್ಡ ವಿಶೇಷಣವಿಲ್ಲ. ಆದರೆ ಓದಿದವನ ಕಣ್ಣ ಮುಂದೆ ಒಬ್ಬ ವಿದ್ಯಾರ್ಥಿನಿ ಬಂದು ನಿಲ್ಲುತ್ತಾಳೆ. ಅಂಕಪಟ್ಟಿಯಲ್ಲಿ ಕಾಣದಿದ್ದ ಸಂಗತಿಯೂ ತಿಳಿಯಿತು. ಅಂಕಪಟ್ಟಿಯನ್ನು ಓದುವ ಕೀಲಿಕೈಯೂ ದೊರೆಯಿತು. ಸಣ್ಣ ಕಾಲೇಜಿನ ವಿದ್ಯಾರ್ಥಿಗೆ ಇಂಥ ಒಂದು ಪತ್ರವೇ ಆಸ್ತಿ.

ಕೆಲವು ವ್ಯಾವಹಾರಿಕ ಅಂಶಗಳನ್ನು ಹೇಳುವುದು ಉಚಿತ. 1974ರ ಒಂದು ಕಾನೂನಿನ ಪ್ರಕಾರ ಅಮೆರಿಕದಲ್ಲಿ ವಿಶ್ವವಿದ್ಯಾಲಯವನ್ನು ಸೇರಿದ ವಿದ್ಯಾರ್ಥಿಗೆ ತನ್ನ ಕಡತವನ್ನು ನೋಡುವ ಹಕ್ಕಿದೆ. ಶಿಫಾರಸು ಪತ್ರದ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುವ ಅವಕಾಶವೂ ಇದೆ. ಗೋಪ್ಯವಾದ ಪತ್ರಕ್ಕೆ ಹೆಚ್ಚು ವಿಶ್ವಾಸವಿರುವುದರಿಂದ ಬಹುತೇಕ ಅಭ್ಯರ್ಥಿಗಳು ಬಿಟ್ಟುಕೊಡುತ್ತಾರೆ. ಪತ್ರವನ್ನು ಅಧ್ಯಾಪಕರು ನೇರವಾಗಿ ವಿದ್ಯುನ್ಮಾನ ವಿಧಾನದಲ್ಲಿ ಸಲ್ಲಿಸಬೇಕು; ಸಂಸ್ಥೆಯ ಅಧಿಕೃತ ಇ-ಅಂಚೆ ವಿಳಾಸದಿಂದ ಸಲ್ಲಿಸಿದರೆ ಸಂಶಯಕ್ಕೆ ಆಸ್ಪದ ಕಡಿಮೆ. ಗಡುವು ತಪ್ಪಿದರೆ ವಿದ್ಯಾರ್ಥಿಯ ವರ್ಷವೇ ತಪ್ಪಬಹುದು. ಇಂಗ್ಲಿಷು ಅಲಂಕಾರವಾಗಿರಬೇಕಿಲ್ಲ, ಸರಳವಾಗಿ, ನಿಜವಾಗಿ ಇದ್ದರೆ ಸಾಕು.

ಪ್ರೌಢಶಾಲೆಯ ಶಿಕ್ಷಕರು ಇಂಥ ಪತ್ರ ಬರೆಯುವ ಪ್ರಸಂಗ ಬಾರದು. ಆದರೆ ಪತ್ರದಲ್ಲಿ ಬರೆಯತಕ್ಕ ಗುಣಗಳನ್ನು ಬಿತ್ತುವವರು ಅವರೇ. ಪ್ರಯೋಗದ ಅಂಕಿಯನ್ನು ತಿದ್ದಬೇಡ ಎಂದು ಮೊದಲು ಹೇಳುವವರು, ತಿಳಿಯದುದನ್ನು ತಿಳಿಯದು ಎಂದ ಮಗುವನ್ನು ಗದರಿಸದೆ ಮೆಚ್ಚುವವರು, ತಾನು ಮಾಡಿದ ಕೆಲಸವನ್ನು ಸ್ವಂತ ಮಾತಿನಲ್ಲಿ ಒಂದು ಪುಟ ಬರೆಯುವಂತೆ ಕಲಿಸುವವರು ಅವರು. ಕಂಠಪಾಠದ ಪ್ರಬಂಧ ಬರೆದೇ ಬೆಳೆದ ವಿದ್ಯಾರ್ಥಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತನ್ನ ಉದ್ದೇಶವನ್ನು ಕುರಿತು ಎರಡು ಪುಟ ಬರೆಯಲು ಹೇಳಿದರೆ ಅವನು ಪಡುವ ಪಾಡು ಹೇಳತೀರದು.

8. ವೆಚ್ಚ ಮತ್ತು ನೆರವು

ಆಯ್ಕೆಯಾದ ಮೇಲೆ ಪಿಎಚ್.ಡಿ. ವಿದ್ಯಾರ್ಥಿಗೆ ವೇತನವಿದೆ ಎಂದು ಮೇಲೆ ಹೇಳಿದೆ. ಆದರೆ ಆಯ್ಕೆಗೆ ಮೊದಲು ತಗಲುವ ವೆಚ್ಚವೇ ಬಡ ವಿದ್ಯಾರ್ಥಿಗೆ ದೊಡ್ಡ ಗೋಡೆ. ಒಂದೊಂದು ಅರ್ಜಿಗೆ ಸಾಮಾನ್ಯವಾಗಿ 75ರಿಂದ 150 ಡಾಲರ್ ಶುಲ್ಕವಿದೆ. ನಿರ್ಣಯದಲ್ಲಿ ಅನಿಶ್ಚಯ ಇಷ್ಟಿರುವಾಗ ಒಂದೇ ಅರ್ಜಿಯನ್ನು ನೆಚ್ಚಿ ಕೂರುವುದು ವಿವೇಕವಲ್ಲ. ಏಳೆಂಟು ಅರ್ಜಿಗಳನ್ನಾದರೂ ಹಾಕಬೇಕು. ಇಂಗ್ಲಿಷ್ ಭಾಷಾ ಪರೀಕ್ಷೆ, ಕೆಲವೆಡೆ ಜಿ.ಆರ್.ಇ., ಅಂಕಪಟ್ಟಿಯ ಪ್ರತಿಗಳು, ಆಮೇಲೆ ವೀಸಾ ಮತ್ತು ವಿಮಾನದ ಖರ್ಚು ಬೇರೆ. ಕೆಲವು ವಿಶ್ವವಿದ್ಯಾಲಯಗಳು ಕೇಳಿದರೆ ಅರ್ಜಿ ಶುಲ್ಕವನ್ನು ಮನ್ನಾ ಮಾಡುತ್ತವೆ. ಕೇಳಬಹುದೆಂಬುದೇ ನಮ್ಮವರಿಗೆ ತಿಳಿದಿರುವುದಿಲ್ಲ.

ದಾನಿಗಳ ಗಮನಕ್ಕೆ ತರಬೇಕಾದ ಮಾತು ಇಲ್ಲಿದೆ. ಕಟ್ಟಡಕ್ಕೆ, ಅನ್ನಕ್ಕೆ, ಪುಸ್ತಕಕ್ಕೆ ಕೊಡುವ ದಾನದ ಪರಂಪರೆ ನಮ್ಮಲ್ಲಿ ಭದ್ರವಾಗಿದೆ. ಅದರ ಪಕ್ಕದಲ್ಲಿ ಅರ್ಜಿಯ ಹಂತದ ವೆಚ್ಚಕ್ಕಾಗಿಯೇ ಒಂದು ಸಣ್ಣ ನಿಧಿ ಇದ್ದರೆ, ಅಲ್ಪ ಮೊತ್ತವು ಒಬ್ಬ ವಿದ್ಯಾರ್ಥಿಗೆ ಐದಾರು ವರ್ಷದ ಪೂರ್ಣ ವೇತನದ ಬಾಗಿಲನ್ನು ತೆರೆಯಬಲ್ಲದು. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಓದಿದ, ಕೆಲಸ ಮಾಡುತ್ತಿರುವ ಹಳೆಯ ವಿದ್ಯಾರ್ಥಿಗಳಿಂದ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಸಮಯ. ಒಬ್ಬ ಕಿರಿಯನ ನಿವೇದನೆಯ ಕರಡನ್ನು ಓದಿ, ‘ಈ ಪುಟದಲ್ಲಿ ನೀನು ಕಾಣುತ್ತಿಲ್ಲ, ಮತ್ತೆ ಬರೆ’ ಎಂದು ಹೇಳಲು ಒಂದು ಸಂಜೆ ಸಾಕು.

9. ಉಪಸಂಹಾರ

ಅಂಕಗಳಾಚೆ ನೋಡುವ ನಿರ್ಣಯದಿಂದ ಏನು ಸಾಧ್ಯ ಎಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಶ್ರೀನಿವಾಸ ರಾಮಾನುಜನ್ ಗಣಿತವೊಂದನ್ನುಳಿದು ಮಿಕ್ಕ ವಿಷಯಗಳಲ್ಲಿ ಅನುತ್ತೀರ್ಣರಾಗಿ ಪದವಿಯಿಲ್ಲದೆ ಉಳಿದವರು. ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರು 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರದಲ್ಲಿದ್ದುದು ಪ್ರಮಾಣಪತ್ರಗಳಲ್ಲ, ಪ್ರಮೇಯಗಳು. ಹಾರ್ಡಿ ಅವನ್ನು ಓದಿದರು. ಅದೇ ವರ್ಷ ಮದರಾಸು ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಗಳ ಸಂಶೋಧನಾ ವೇತನವನ್ನು ಕೊಟ್ಟಿತು. 1914ರಲ್ಲಿ ಅವರು ಕೇಂಬ್ರಿಜ್ ಸೇರಿದರು. 1916ರಲ್ಲಿ ಸಂಶೋಧನೆಗಾಗಿಯೇ ಅವರಿಗೆ ಪದವಿ ದೊರೆಯಿತು. ಪಟ್ಟಿಯ ಕ್ರಮವೊಂದೇ ಇದ್ದಿದ್ದರೆ ಅವರ ಹೆಸರು ಯಾವ ಪಟ್ಟಿಯಲ್ಲಿಯೂ ಬರುತ್ತಿರಲಿಲ್ಲ. ಆದರೆ ಓದುವ ಕ್ರಮವು ಓದುವವರ ಕಣ್ಣನ್ನು ಅವಲಂಬಿಸಿದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಹಾರ್ಡಿಯಂಥವರು ಎಲ್ಲ ಕೊಠಡಿಗಳಲ್ಲಿಯೂ ಕುಳಿತಿರುವುದಿಲ್ಲ.

ಆದುದರಿಂದ ಪಟ್ಟಿಯ ಕ್ರಮ, ಓದಿನ ಕ್ರಮ ಎರಡರಲ್ಲಿ ಒಂದು ಶ್ರೇಷ್ಠ, ಇನ್ನೊಂದು ಕನಿಷ್ಠ ಎಂದು ಹೇಳುವುದು ಸರಿಯಲ್ಲ. ಒಂದು ನ್ಯಾಯವನ್ನು ಕಾಪಾಡಲು ಹೊರಟು ಕೆಲವು ಪ್ರತಿಭೆಗಳನ್ನು ಕಾಣದೆ ಹೋಗುತ್ತದೆ. ಇನ್ನೊಂದು ಪ್ರತಿಭೆಯನ್ನು ಕಾಣಲು ಹೊರಟು ಕೆಲವೊಮ್ಮೆ ನ್ಯಾಯದಿಂದ ಜಾರುತ್ತದೆ. ವಿದ್ಯಾರ್ಥಿಯು ಎರಡನ್ನೂ ಅರಿತು ಎರಡಕ್ಕೂ ಸಿದ್ಧನಾಗಬೇಕು. ನಿರಾಕರಣೆಯ ಪತ್ರ ಬಂದರೆ ಅದರಲ್ಲಿ ‘ನೀನು ಅಯೋಗ್ಯ’ ಎಂದು ಬರೆದಿಲ್ಲವೆಂಬುದನ್ನು ಮನೆಯವರೂ ಗುರುಗಳೂ ಅವನಿಗೆ ತಿಳಿಯಹೇಳಬೇಕು. ಈ ವರ್ಷ, ಈ ವಿಭಾಗದಲ್ಲಿ, ಈ ಹಣದಲ್ಲಿ, ಈ ಓದುಗರ ಮುಂದೆ ಆಗಲಿಲ್ಲ ಎಂಬಷ್ಟೇ ಅದರ ಅರ್ಥ. ಮುಂದಿನ ವರ್ಷ ಇವುಗಳಲ್ಲಿ ಯಾವುದಾದರೂ ಬದಲಾಗಬಹುದು. ಅಷ್ಟರಲ್ಲಿ ವಿದ್ಯಾರ್ಥಿಯ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು, ಅವನ ಕೆಲಸವನ್ನು ಬಲ್ಲ ಒಬ್ಬ ಅಧ್ಯಾಪಕರಾದರೂ ಅವನಿಗಿರುವಂತೆ ಮಾಡುವುದು ನಮ್ಮಿಂದ ಆಗುವ ಕೆಲಸ. ನಿರ್ಣಯ ಎಲ್ಲಿಯೋ ದೂರದ ಕೊಠಡಿಯಲ್ಲಿ ಆಗುತ್ತದೆ. ಅದರ ಮುಂದಿರುವ ಕಾಗದಗಳು ಸಿದ್ಧವಾಗುವುದು ಇಲ್ಲಿ.